ವಿಶ್ವವಿದ್ಯಾಲಯದ ವೃಕ್ಷೋದ್ಯಾನ: ಬೆಳೆದು ಬಂದ ಬಗೆ ಮತ್ತು ಒಣಭೂಮಿ ರೈತರಿಗೆ ಅದರ ಪ್ರಯೋಜನ



ಜಗಳೂರು ತಾಲ್ಲೂಕಿನ ಬಿಳಿಚೋಡು ಭಾಗದ ರೈತರು ತರಬೇತಿಗೆ ಬಂದಾಗ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಬದುವಿನ ಮೇಲೆ ಯಾವ ಮರ ಹಾಕಬೇಕು ಸಾರ್?" ಮೆಕ್ಕೆಜೋಳದ ತಳಿಯ ಬಗ್ಗೆ ಕೇಳಿದರೆ ಉತ್ತರ ಹೇಳುವುದು ಕಷ್ಟವಲ್ಲ. ಈ ವರ್ಷ ಆಯ್ಕೆ ತಪ್ಪಿದರೆ ಮುಂದಿನ ಮುಂಗಾರಿಗೆ ತಿದ್ದಿಕೊಳ್ಳಬಹುದು. ಮರದ ವಿಷಯ ಹಾಗಲ್ಲ. ಬೀಜದಿಂದ ಬೆಳೆಸಿದ ಹುಣಸೆ ಸಸಿ ಮುಂದೆ ಚೆನ್ನಾಗಿ ಕಾಯಿ ಬಿಡುವುದೋ ಇಲ್ಲವೋ ಎಂಬುದು ಎಂಟು-ಹತ್ತು ವರ್ಷ ಕಾದ ಮೇಲೆಯೇ ತಿಳಿಯುತ್ತದೆ. ಅಷ್ಟು ಕಾಲ ಕಾದು, ನೋಡಿ, ಅಳೆದು, ಬರೆದಿಡುವ ಕೆಲಸವನ್ನು ರೈತನ ಬದಲಿಗೆ ಒಂದು ಸಂಸ್ಥೆ ಮಾಡಲಿ ಎಂಬುದೇ ಅರ್ಬೋರೇಟಂ ಅಥವಾ ವೃಕ್ಷೋದ್ಯಾನದ ಹಿಂದಿರುವ ಆಲೋಚನೆ. ಇಂತಹ ಉದ್ಯಾನಗಳು ಹೇಗೆ ಬೆಳೆದು ಬಂದವು, ಎಲ್ಲಿ ಎಡವಿದವು, ಬಿಳಿಚೋಡಿನಂತಹ ಕಡಿಮೆ ಮಳೆಯ ಊರಿನವರು ಅವುಗಳಿಂದ ಏನನ್ನು ಪಡೆಯಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ತೋಪಿಗೂ ವೃಕ್ಷೋದ್ಯಾನಕ್ಕೂ ಇರುವ ವ್ಯತ್ಯಾಸ

ನಮ್ಮ ಹಳ್ಳಿಗಳಿಗೆ ಮರ ಬೆಳೆಸುವುದು ಹೊಸದಲ್ಲ. ಊರ ಮುಂದಿನ ಗುಂಡುತೋಪು, ದೇವರ ಬನ, ಸಾಲುಮರ, ಅರಳಿಕಟ್ಟೆ ಇವೆಲ್ಲ ಹಿರಿಯರು ಬಿಟ್ಟುಹೋದ ಆಸ್ತಿ. ಆದರೆ ತೋಪಿನ ಒಂದು ಹುಣಸೆ ಮರವನ್ನು ತೋರಿಸಿ, ಇದರ ಬೀಜ ಎಲ್ಲಿಂದ ಬಂತು, ಯಾವ ವರ್ಷ ನೆಟ್ಟದ್ದು, ಬರಗಾಲದ ವರ್ಷದಲ್ಲಿ ಎಷ್ಟು ಹಣ್ಣು ಕೊಟ್ಟಿತು ಎಂದು ಕೇಳಿದರೆ ಊರಿನ ಹಿರಿಯರೊಬ್ಬರಿಗೆ ಗೊತ್ತಿರಬಹುದು. ಅವರ ನಂತರ ಯಾರಿಗೂ ಗೊತ್ತಿರುವುದಿಲ್ಲ. ವೃಕ್ಷೋದ್ಯಾನದಲ್ಲಿ ಪ್ರತಿಯೊಂದು ಮರಕ್ಕೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಎದುರು ಮರದ ಜಾತಿ, ಬೀಜದ ಮೂಲ, ನೆಟ್ಟ ದಿನ, ವರ್ಷಾನುವರ್ಷದ ಬೆಳವಣಿಗೆ, ಬಂದ ರೋಗ, ಒಣಗಿದರೆ ಒಣಗಿದ ಕಾರಣ ದಾಖಲಾಗಿರುತ್ತವೆ. ಈ ದಾಖಲೆ ಇಲ್ಲದಿದ್ದರೆ ಉದ್ಯಾನ ಎಷ್ಟೇ ಹಸಿರಾಗಿದ್ದರೂ ಅದು ತೋಪೇ ಸರಿ.

ವಿಶ್ವವಿದ್ಯಾಲಯವೊಂದು ಇಂತಹ ಉದ್ಯಾನವನ್ನು ಕ್ರಮಬದ್ಧವಾಗಿ ಬೆಳೆಸಿದ ಹಳೆಯ ಉದಾಹರಣೆಗಳಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಆರ್ನಾಲ್ಡ್ ವೃಕ್ಷೋದ್ಯಾನ ಪ್ರಮುಖವಾದದ್ದು. ಜೇಮ್ಸ್ ಆರ್ನಾಲ್ಡ್ ಎಂಬ ವರ್ತಕರು ಬಿಟ್ಟುಹೋದ ಹಣದಿಂದ 1872ರಲ್ಲಿ ಅದು ಸ್ಥಾಪನೆಯಾಯಿತು. ಮೊದಲ ನಿರ್ದೇಶಕರಾದ ಚಾರ್ಲ್ಸ್ ಸ್ಪ್ರೇಗ್ ಸಾರ್ಜೆಂಟ್ 1873ರಿಂದ 1927ರವರೆಗೆ, ಅಂದರೆ ಐವತ್ತನಾಲ್ಕು ವರ್ಷ, ಅದೇ ಹುದ್ದೆಯಲ್ಲಿದ್ದರು. 1882ರಲ್ಲಿ ಬಾಸ್ಟನ್ ನಗರದೊಂದಿಗೆ ಮಾಡಿಕೊಂಡ ಒಪ್ಪಂದದ ಪ್ರಕಾರ ಆ ಜಮೀನಿನ ಗುತ್ತಿಗೆಯ ಅವಧಿ ಸಾವಿರ ವರ್ಷ! ಮೂರು ವರ್ಷಗಳ ಯೋಜನಾ ಅನುದಾನದಲ್ಲಿ ಸಸಿ ನೆಟ್ಟು, ಅನುದಾನ ಮುಗಿದೊಡನೆ ನೀರು ನಿಲ್ಲಿಸುವ ಪದ್ಧತಿಯನ್ನು ಕಂಡಿರುವ ನಮ್ಮಂತಹವರಿಗೆ ಈ ಅಂಕಿ ವಿಚಿತ್ರವಾಗಿ ಕಾಣಬಹುದು. ಮರದ ಆಯುಸ್ಸಿಗೆ ಹೊಂದುವ ಆಡಳಿತ ಬೇಕೆಂಬುದನ್ನು ಅವರು ಆರಂಭದಲ್ಲಿಯೇ ಅರಿತಿದ್ದರು.

ಇನ್ನೊಂದು ಉದಾಹರಣೆ ನಮಗೆ ಹೆಚ್ಚು ಹತ್ತಿರದ್ದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವೃಕ್ಷೋದ್ಯಾನವು 1934ರಲ್ಲಿ ಉದ್ಘಾಟನೆಯಾದಾಗ ಅಲ್ಲಿ ದಟ್ಟ ಕಾಡು ಇರಲಿಲ್ಲ. ಅದರ ಬಹುಭಾಗ ಉತ್ತು ಉತ್ತು ಸಾರ ಕಳೆದುಕೊಂಡ ಹೊಲ, ದನ ಮೇಯಿಸಿದ ಬಯಲು. ಆಲ್ಡೊ ಲಿಯೊಪೋಲ್ಡ್ ಮತ್ತು ಅವರ ಸಹೋದ್ಯೋಗಿಗಳು ವಿದೇಶಿ ಮರಗಳ ಪ್ರದರ್ಶನಕ್ಕಿಂತ ಆ ನೆಲದಲ್ಲಿ ಮೊದಲು ಇದ್ದ ಹುಲ್ಲು ಮತ್ತು ಮರಗಳನ್ನು ಮರಳಿ ತರುವುದಕ್ಕೆ ಒತ್ತು ಕೊಟ್ಟರು. ಸವಕಲು ಭೂಮಿಯೂ ವೃಕ್ಷೋದ್ಯಾನವಾಗಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

ಕರ್ನಾಟಕದಲ್ಲಿ ವೃಕ್ಷ ಸಂಗ್ರಹದ ಬೆಳವಣಿಗೆ

ನಮ್ಮಲ್ಲಿ ಈ ಕಥೆ ಲಾಲ್‌ಬಾಗ್‌ನಿಂದ ಆರಂಭವಾಗುತ್ತದೆ. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಸುಲ್ತಾನ್ ಬೆಳೆಸಿದ ಆ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅಲ್ಲಿಂದ ಮುಂದೆ ಅದು ಅರಸರ ವಿಹಾರವನವಾಗಿ ಮಾತ್ರ ಉಳಿಯದೆ, ಹೊರಗಿನಿಂದ ಬಂದ ಸಸ್ಯಗಳನ್ನು ನಮ್ಮ ಹವೆಗೆ ಒಗ್ಗಿಸಿ ನೋಡುವ ಸ್ಥಳವಾಯಿತು. ಜಾನ್ ಕ್ಯಾಮರಾನ್ ಅವರು 1874ರಿಂದ 1908ರವರೆಗೆ ಅದರ ಮೇಲ್ವಿಚಾರಣೆ ನಡೆಸಿದರು. ನಾವು ಇಂದು ಮನೆಯಲ್ಲಿ ಹುಳಿಗೆ ಹಾಕುವ ಸೀಮೆಬದನೆ ಅವರ ಕಾಲದಲ್ಲಿ ಲಾಲ್‌ಬಾಗ್ ಮೂಲಕವೇ ಈ ಭಾಗಕ್ಕೆ ಪರಿಚಯವಾಯಿತು. ಅವರ ನಂತರ ಜಿ.ಎಚ್. ಕೃಂಬಿಗಲ್, ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ ಅವರು ಆ ಕೆಲಸವನ್ನು ಮುಂದುವರಿಸಿದರು. ಮರಿಗೌಡರ ಕಾಲದಲ್ಲಿ ಲಾಲ್‌ಬಾಗ್‌ನ ಬೇಲಿಯಾಚೆಗೂ ತೋಟಗಾರಿಕೆ ಕ್ಷೇತ್ರಗಳು ಹರಡಿದವು. ತಾಯಿಮರಗಳನ್ನು ಬೆಳೆಸಿ ಅವುಗಳಿಂದ ಕಸಿ ಸಸಿ ಮಾಡಿ ರೈತರಿಗೆ ಕೊಡುವ ಏರ್ಪಾಡು ತಾಲ್ಲೂಕು ಮಟ್ಟಕ್ಕೆ ಬಂತು. ಒಣಭೂಮಿಯಲ್ಲಿಯೂ ಹಣ್ಣಿನ ಮರ ಬೆಳೆಯಬಹುದೆಂದು ಅವರು ಪಟ್ಟುಹಿಡಿದು ಪ್ರಚಾರ ಮಾಡಿದರು.

ಕೃಷಿ ಸಂಶೋಧನೆಯ ಕವಲು ಬೇರೆಡೆ ಚಿಗುರಿತು. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ನೀಡಿದರು. ಲೆಹ್ಮನ್ ಅವರ ನೇತೃತ್ವದಲ್ಲಿ ಅಲ್ಲಿ ಕೃಷಿ ಪ್ರಯೋಗ ಕ್ಷೇತ್ರ ಆರಂಭವಾಯಿತು. 1946ರಲ್ಲಿ ಅಲ್ಲಿಯೇ ಕೃಷಿ ಕಾಲೇಜು ಬಂತು. 1964ರಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಮೊದಲ ಕುಲಪತಿಗಳಾದವರು ಕೆ.ಸಿ. ನಾಯಕ್. ಅವರು ಮೂಲತಃ ತೋಟಗಾರಿಕಾ ವಿಜ್ಞಾನಿ, ದಕ್ಷಿಣ ಭಾರತದ ಹಣ್ಣುಗಳ ಬಗ್ಗೆ ದೊಡ್ಡ ಗ್ರಂಥ ಬರೆದವರು. 1969ರಿಂದ ರೂಪುಗೊಂಡ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ನಾವೆಲ್ಲ ಜಿಕೆವಿಕೆ ಎಂದು ಕರೆಯುವ ಆವರಣ, ಸುಮಾರು 1300 ಎಕರೆಯ ಕೆಂಪು ಮಣ್ಣಿನ ಭೂಮಿ. ಇಂದು ಅಲ್ಲಿ ಸಸ್ಯೋದ್ಯಾನ, ಔಷಧಿ ಸಸ್ಯಗಳ ವನ, ಕೃಷಿ ಅರಣ್ಯ ಪ್ರಯೋಗದ ತಾಕುಗಳು ಇವೆ. ಕೃಷಿ ಮೇಳಕ್ಕೆ ಹೋದವರು ಮಳಿಗೆಗಳನ್ನು ಸುತ್ತಿ ಬರುತ್ತಾರೆ; ಅರ್ಧ ದಿನ ಬಿಡುವು ಮಾಡಿಕೊಂಡು ಮರಗಳ ಕಡೆಗೆ ನಡೆದವರು ಕಡಿಮೆ. ಮುಂದಿನ ಬಾರಿ ಹೋದಾಗ ದಯವಿಟ್ಟು ಹೋಗಿ ನೋಡಿರಿ.

1985ರಲ್ಲಿ ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯ, 1986ರಲ್ಲಿ ಧಾರವಾಡದಲ್ಲಿ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯ, 1995ರಲ್ಲಿ ಪೊನ್ನಂಪೇಟೆಯಲ್ಲಿ ಇನ್ನೊಂದು ಅರಣ್ಯ ಮಹಾವಿದ್ಯಾಲಯ ಬಂದ ಮೇಲೆ ಮರಗಳ ಅಧ್ಯಯನ ಕೃಷಿ ಶಿಕ್ಷಣದ ಅಂಗವೇ ಆಯಿತು. 2012ರಲ್ಲಿ ಸ್ಥಾಪನೆಯಾದ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ದಾವಣಗೆರೆ ಜಿಲ್ಲೆ ಸೇರಿದೆ. ಹಾಸನದ ಬಳಿ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಹೊಂಗೆ, ಬೇವು, ಹಿಪ್ಪೆ ಮೊದಲಾದ ಎಣ್ಣೆಬೀಜದ ಮರಗಳಿವೆ. ಹೊಂಗೆ ನೆಡಬೇಕೆಂದಿರುವವರು ನೋಡಲೇಬೇಕಾದ ಸ್ಥಳವದು.

ದಾಖಲೆ ಕಳೆದ ಮರ

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಶೋಧನಾ ಕೇಂದ್ರದಲ್ಲಿ ಹೊಂಗೆ ಮರಗಳ ಒಂದು ಸಾಲಿತ್ತು. ಅವುಗಳಲ್ಲಿ ಒಂದು ಮರ ಅಕ್ಕಪಕ್ಕದ ಮರಗಳಿಗಿಂತ ಬಹಳ ಹೆಚ್ಚು ಕಾಯಿ ಬಿಡುತ್ತಿತ್ತು. ಅದರ ಬೀಜ ಎಲ್ಲಿಂದ ಬಂದದ್ದೆಂದು ತಿಳಿದರೆ, ಆ ಊರಿಗೆ ಹೋಗಿ ಅಂತಹ ಇನ್ನಷ್ಟು ಮರಗಳನ್ನು ಹುಡುಕಬಹುದಿತ್ತು. ದಾಖಲೆ ಪುಸ್ತಕ ಕೇಳಿದೆ. ಕಚೇರಿ ಹಳೆಯ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಬಂದಾಗ ಹಳೆಯ ಕಡತಗಳನ್ನು ರದ್ದಿಗೆ ಹಾಕಲಾಗಿತ್ತು. ಮರಕ್ಕೆ ಹೊಡೆದಿದ್ದ ತಗಡಿನ ಫಲಕವನ್ನು ತೊಗಟೆ ನುಂಗಿಬಿಟ್ಟಿತ್ತು. ಒಂದು ಅಂಚು ಮಾತ್ರ ಹೊರಗೆ ಕಾಣುತ್ತಿತ್ತು. ಅದರ ಬೀಜವನ್ನು ಕೆಲವು ವರ್ಷ ಹಂಚಿದೆವು. ಹೊಂಗೆ ಅಡ್ಡ ಪರಾಗಸ್ಪರ್ಶದ ಮರವಾದ್ದರಿಂದ ಮಕ್ಕಳೆಲ್ಲ ತಾಯಿಯಂತೆ ಆಗಲಿಲ್ಲ. ಆಮೇಲೆ ಕಸಿ ಮಾಡಿಕೊಳ್ಳೋಣವೆಂದು ನಿರ್ಧರಿಸುವಷ್ಟರಲ್ಲಿ ರಸ್ತೆ ಅಗಲಗೊಳಿಸುವ ಕಾಮಗಾರಿಯಲ್ಲಿ ಆ ಸಾಲು ಹೋಯಿತು. ಹೊಂಗೆ ಬಗ್ಗೆ ಯಾವ ರೈತರು ಕೇಳಿದರೂ ನನಗೆ ಆ ಮರ ನೆನಪಾಗುತ್ತದೆ.

ಹೊರಗಿನಿಂದ ಬಂದ ಮರಗಳ ಪಾಠ

ಹೊಸ ಮರಗಳನ್ನು ತರುವ ಉತ್ಸಾಹದಲ್ಲಿ ಆದ ತಪ್ಪುಗಳನ್ನು ಮುಚ್ಚಿಡಬಾರದು. ಇಂದು ಜಗಳೂರಿನಿಂದ ಬಳ್ಳಾರಿಯವರೆಗೆ ಕೆರೆಯಂಗಳ, ಗೋಮಾಳಗಳನ್ನು ಆವರಿಸಿರುವ ಬಳ್ಳಾರಿ ಜಾಲಿ ನಮ್ಮ ದೇಶದ್ದಲ್ಲ. ಸೌದೆಯ ಕೊರತೆ ನೀಗಿಸಲೆಂದು 1877ರಲ್ಲಿ ಅದರ ಬೀಜ ತರಿಸಿ ಮೊದಲು ಕಡಪ ಭಾಗದಲ್ಲಿ ಬಿತ್ತಲಾಯಿತು. ಸೌದೆ ಸಿಕ್ಕಿತು, ನಿಜ. ಆದರೆ ಹುಲ್ಲುಗಾವಲು ಹೋಯಿತು. ಮೇವಿಗೆಂದು ಪ್ರಚಾರ ಮಾಡಿದ ಸುಬಾಬುಲ್‌ಗೆ 1988ರಲ್ಲಿ ಹೊರದೇಶದ ಸಿಲ್ಲಿಡ್ ಎಂಬ ರಸ ಹೀರುವ ಕೀಟ ದಕ್ಷಿಣ ಭಾರತಕ್ಕೆ ಬಂದು ಮುತ್ತಿಕೊಂಡಾಗ, ಅದೊಂದನ್ನೇ ನೆಚ್ಚಿ ನೆಟ್ಟವರು ನಷ್ಟ ಅನುಭವಿಸಿದರು.

ನೀಲಗಿರಿಯ ಕಥೆ ಇನ್ನೂ ದೊಡ್ಡದು. ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಅದು ಕೃಷಿ ಭೂಮಿಗೂ ಹಬ್ಬಿತು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತರು ಅರಣ್ಯ ನರ್ಸರಿಗೆ ನಡೆದು ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಮಡಿಗಳಲ್ಲಿ ಹುಣಸೆ ಮತ್ತು ಮಾವಿನ ಬೀಜ ಹಾಕಿದರು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ನನ್ನ ಅಭಿಪ್ರಾಯದಲ್ಲಿ ತಪ್ಪು ಮರದ್ದಲ್ಲ. ಅದು ಎಷ್ಟು ಬೇಗ ಬೆಳೆಯುತ್ತದೆ ಎಂದು ಎಲ್ಲರೂ ಅಳೆದರು. ಅದರ ಬುಡದಲ್ಲಿ ರಾಗಿ ಎಷ್ಟು ಕುಸಿಯುತ್ತದೆ, ಇಪ್ಪತ್ತು ವರ್ಷದ ನಂತರ ಆ ನೆಲದ ತೇವ ಏನಾಗುತ್ತದೆ ಎಂದು ಅಳೆದ ಮೇಲೆ ರೈತರಿಗೆ ಕೊಡಬೇಕಾಗಿತ್ತು.

ಈಗ ಮಹಾಗನಿ, ಹೆಬ್ಬೇವು, ಅಗರ್ ಎಂದು ಸಸಿ ಮಾರುವವರು ಹಳ್ಳಿಗೇ ಬರುತ್ತಿದ್ದಾರೆ. ಹತ್ತು ವರ್ಷಕ್ಕೆ ಇಷ್ಟು ಲಕ್ಷ ಎಂದು ಬಣ್ಣದ ಕರಪತ್ರ ಕೊಡುತ್ತಾರೆ. ಅವರನ್ನು ಒಂದೇ ಮಾತು ಕೇಳಿರಿ: ನಮ್ಮಷ್ಟೇ ಮಳೆಯಾಗುವ ಊರಿನಲ್ಲಿ, ನೀರು ಹಾಯಿಸದೆ ಬೆಳೆದ, ಹದಿನೈದು ವರ್ಷದ ಮರ ಎಲ್ಲಿದೆ, ತೋರಿಸಿ. ಹೆಬ್ಬೇವು ಒಳ್ಳೆಯ ಮರವೇ. ಆದರೆ ಕೊಳವೆಬಾವಿಯ ನೀರಿನಲ್ಲಿ ಅದು ಬೆಳೆದ ವೇಗವನ್ನು ಮಳೆಯಾಶ್ರಿತ ಬದುವಿಗೆ ಲೆಕ್ಕ ಹಾಕಬಾರದು.

ಒಂದೇ ಜಿಲ್ಲೆ, ಎರಡು ವಲಯ

ವೃಕ್ಷೋದ್ಯಾನದಲ್ಲಿ ಕಂಡ ಮರವನ್ನು ನಿಮ್ಮ ಹೊಲಕ್ಕೆ ತರುವ ಮೊದಲು ಹವಾಮಾನ ಹೋಲಿಸುವುದು ಅಗತ್ಯ. ದಾವಣಗೆರೆ ಜಿಲ್ಲೆಯಲ್ಲಿಯೇ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳು ದಕ್ಷಿಣ ಸಂಕ್ರಮಣ ವಲಯಕ್ಕೆ ಸೇರಿವೆ; ಜಗಳೂರು ಮಧ್ಯ ಒಣ ವಲಯಕ್ಕೆ ಸೇರಿದೆ. ಸಂಕ್ರಮಣ ವಲಯದ ವಾರ್ಷಿಕ ಮಳೆ ಸುಮಾರು 612ರಿಂದ 1054 ಮಿ.ಮೀ. ಒಣ ವಲಯದ್ದು 455ರಿಂದ 717 ಮಿ.ಮೀ. ಸೂಳೆಕೆರೆ ಅಚ್ಚುಕಟ್ಟಿನ ಬದುವಿನಲ್ಲಿ ಸೊಂಪಾಗಿ ಬೆಳೆಯುವ ಮರ ಬಿಳಿಚೋಡಿನಲ್ಲಿ ಮೂರನೆಯ ಬೇಸಿಗೆಯನ್ನು ದಾಟದೆ ಹೋಗಬಹುದು. ಬೆಂಗಳೂರಿನ ಮಳೆ 900 ಮಿ.ಮೀ.ಗೂ ಹೆಚ್ಚು, ಹಾಗಾಗಿ ಜಿಕೆವಿಕೆಯಲ್ಲಿ ಕಂಡದ್ದನ್ನು ಸಹ ಇಲ್ಲಿಗೆ ಯಥಾವತ್ತಾಗಿ ಅನ್ವಯಿಸಬಾರದು. ಬಿಳಿಚೋಡಿನವರು ನೋಡಬೇಕಾದದ್ದು ಹಿರಿಯೂರಿನ ಬಬ್ಬೂರು ಫಾರಂ. ಅದು ಇದೇ ಒಣ ವಲಯದಲ್ಲಿದೆ.

ಅದಕ್ಕಿಂತಲೂ ಹತ್ತಿರದ ವೃಕ್ಷೋದ್ಯಾನ ನಿಮ್ಮ ತಾಲ್ಲೂಕಿನಲ್ಲಿಯೇ ಇದೆ ಎಂದರೆ ಆಶ್ಚರ್ಯವಾಗಬಹುದು. ಕೊಂಡುಕುರಿಗಳಿಗಾಗಿ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾದ ರಂಗಯ್ಯನದುರ್ಗದ ಒಣ ಕಾಡು ಯಾರೂ ನೀರು ಹಾಕದೆ, ಗೊಬ್ಬರ ಕೊಡದೆ ಉಳಿದಿರುವ ಕಾಡು. ಇಂತಹ ಒಣ ಕಾಡುಗಳಲ್ಲಿ ನಿಲ್ಲುವ ಕಮರ, ದಿಂಡಿಗ, ತುಗ್ಗಲಿ, ಮುತ್ತುಗ, ಬೇಲ, ನೆಲ್ಲಿ ನಮ್ಮ ಬರಗಾಲಗಳಲ್ಲಿ ಪರೀಕ್ಷೆಗೆ ಒಳಗಾಗಿ ಪಾಸಾದ ಮರಗಳು. ವನ್ಯಜೀವಿಧಾಮದೊಳಗಿನಿಂದ ಬೀಜ ಅಥವಾ ಸಸಿ ತರುವುದು ಕಾನೂನುಬಾಹಿರ ಎಂಬುದನ್ನು ಮರೆಯಬೇಡಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ. ಕಮರ ಮೊದಲ ವರ್ಷಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ, ಬೇರು ಇಳಿಸುವುದರಲ್ಲಿಯೇ ಕಾಲ ಕಳೆಯುತ್ತದೆ. ಸಸಿ ಮೇಲೆ ಏಳಲಿಲ್ಲವೆಂದು ಕಿತ್ತುಹಾಕಬೇಡಿ. ಅದರ ಎಲೆ ಬೇಸಿಗೆಯ ಮೇವು, ದಿಮ್ಮಿ ನೇಗಿಲು-ಕುಂಟೆಗೆ ಗಟ್ಟಿ.

ಶ್ರೀಗಂಧದ ಬಗ್ಗೆ ಒಂದು ಮಾತು. 2001ರ ಕಾನೂನು ತಿದ್ದುಪಡಿಯ ನಂತರ ಬೆಳೆದವರಿಗೇ ಅದರ ಒಡೆತನ ದೊರೆಯಿತಾದ್ದರಿಂದ ಆಸಕ್ತಿ ಹೆಚ್ಚಿದೆ. ಅದು ಇತರ ಸಸ್ಯಗಳ ಬೇರಿನಿಂದ ಪೋಷಣೆ ಪಡೆಯುವ ಅರೆಪರಾವಲಂಬಿ ಮರ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಆರಂಭದಲ್ಲಿ ತೊಗರಿ, ಆಮೇಲೆ ಹೊಂಗೆ ಅಥವಾ ಸರ್ವೆ ಜೊತೆಗಿರಬೇಕು.

ಊರಿಗೊಂದು ಚಿಕ್ಕ ವೃಕ್ಷೋದ್ಯಾನ

ಬಿಳಿಚೋಡಿನಂತಹ ಹೋಬಳಿ ಕೇಂದ್ರದಲ್ಲಿ ಶಾಲೆಯ ಅಥವಾ ಗ್ರಾಮ ಪಂಚಾಯಿತಿಯ ಒಂದು ಎಕರೆ ಜಾಗ ಸಿಕ್ಕರೆ ಸಾಕು. 8 ಮೀ. × 8 ಮೀ. ಅಂತರದಲ್ಲಿ ಸುಮಾರು 60 ಮರಗಳನ್ನು ನೆಡಬಹುದು. ಒಂದೊಂದು ಜಾತಿಗೆ ಮೂರು ಮರದಂತೆ ಇಪ್ಪತ್ತು ಜಾತಿ. ಒಂದೇ ಮರವಿದ್ದರೆ ಅದು ಚೆನ್ನಾಗಿ ಬಂದದ್ದು ಜಾತಿಯ ಗುಣದಿಂದಲೋ ಗುಂಡಿಯ ಮಣ್ಣಿನಿಂದಲೋ ಹೇಳಲಾಗದು, ಆದ್ದರಿಂದ ಮೂರು. ಆ ಮೂರನ್ನು ಪಕ್ಕಪಕ್ಕದಲ್ಲಿ ನೆಡದೆ ಬೇರೆ ಬೇರೆ ಮೂಲೆಗಳಲ್ಲಿ ನೆಡಿರಿ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ಮೇ ತಿಂಗಳಲ್ಲಿಯೇ ತೆಗೆದು ಬಿಸಿಲಿಗೆ ಬಿಡಿ. ಈ ವಲಯದಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಮಳೆಯೇ ನಂಬಿಕೆಯದು. ಪುಷ್ಯ, ಆಶ್ಲೇಷ ಮಳೆಗಳಲ್ಲಿ ನೆಟ್ಟರೆ ಉತ್ತರೆ, ಹಸ್ತದ ಮಳೆ ಸಿಗುವ ಹೊತ್ತಿಗೆ ಸಸಿ ಬೇರು ಬಿಟ್ಟಿರುತ್ತದೆ. ಮೊದಲ ಎರಡು ಬೇಸಿಗೆಗಳಲ್ಲಿ ನೀರು ಹಾಕುವವರು ಯಾರು, ಮೇಕೆ ಕಾಯುವವರು ಯಾರು ಎಂಬುದನ್ನು ಹೆಸರು ಹಿಡಿದು ತೀರ್ಮಾನಿಸಿಕೊಳ್ಳದೆ ಗುಂಡಿ ತೋಡಬೇಡಿ.

ಬೀಜಕ್ಕೆ ನಿಮ್ಮ ಊರಿನ ಸುತ್ತಲಿನ ಒಳ್ಳೆಯ ಮರಗಳನ್ನೇ ಗುರುತಿಸಿ. ಬರದ ವರ್ಷದಲ್ಲಿಯೂ ಕಾಯಿ ಬಿಟ್ಟ ಹುಣಸೆ, ದಪ್ಪ ಹಣ್ಣಿನ ನೇರಳೆ ಯಾವುದೆಂದು ಹೆಣ್ಣುಮಕ್ಕಳಿಗೆ, ಕುರಿಗಾಹಿಗಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಅದೇ ಗುಣ ಬೇಕಾದರೆ ಹುಣಸೆ, ನೇರಳೆ, ನೆಲ್ಲಿಗಳಲ್ಲಿ ಕಸಿ ಮಾಡಿಸುವುದು ಉತ್ತಮ. ಕಸಿ ಹುಣಸೆ ನಾಲ್ಕೈದು ವರ್ಷಕ್ಕೆ ಕಾಯಿಗೆ ಬರುತ್ತದೆ. ಕಸಿಕಡ್ಡಿ ತೆಗೆಯುವ ಮತ್ತು ಕಸಿ ಕಟ್ಟುವ ತರಬೇತಿಗಾಗಿ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ತೋಟಗಾರಿಕೆ ಇಲಾಖೆಯನ್ನು ವಿಚಾರಿಸಬಹುದು.

ಫಲಕವನ್ನು ಮರಕ್ಕೆ ಮೊಳೆ ಹೊಡೆದು ಹಾಕಬೇಡಿ. ಏನಾಗುತ್ತದೆ ಎಂಬುದನ್ನು ಮೇಲೆ ಹೇಳಿದ್ದೇನೆ. ಬುಡದಿಂದ ಎರಡು ಅಡಿ ದೂರದಲ್ಲಿ ಕಲ್ಲಿನ ಗೂಟ ನೆಟ್ಟು ಅದರ ಮೇಲೆ ಸಂಖ್ಯೆ ಕೆತ್ತಿಸಿ. ವರ್ಷಕ್ಕೊಮ್ಮೆ, ಜನವರಿಯಲ್ಲಿ, ಶಾಲೆಯ ಮಕ್ಕಳಿಂದ ಪ್ರತಿ ಮರದ ಸುತ್ತಳತೆಯನ್ನು ನೆಲದಿಂದ 1.37 ಮೀ. ಎತ್ತರದಲ್ಲಿ ಟೇಪಿನಿಂದ ಅಳತೆ ಮಾಡಿಸಿ ಬರೆಸಿರಿ. ಸತ್ತ ಮರವನ್ನು ಪುಸ್ತಕದಿಂದ ಹೊಡೆದುಹಾಕದೆ ಸತ್ತ ತಿಂಗಳನ್ನು ನಮೂದಿಸಿ; ಯಾವುದು ಬದುಕಲಿಲ್ಲ ಎಂಬುದು ನಿಮ್ಮ ಪಕ್ಕದ ಊರಿನ ರೈತರಿಗೆ ಅಷ್ಟೇ ಮುಖ್ಯ. ದಾಖಲೆ ಪುಸ್ತಕದ ಒಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಪಂಚಾಯಿತಿಯಲ್ಲಿ ಇರಲಿ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಈ ಪುಸ್ತಕವನ್ನು ಅದಕ್ಕೆ ಜೋಡಿಸಿದರೆ ಕಚೇರಿ ಬದಲಾದರೂ ಕಡತ ರದ್ದಿಗೆ ಹೋಗುವ ಸಂಭವ ಕಡಿಮೆ.

ವಿಸ್ತರಣಾ ಕಾರ್ಯಕರ್ತರು ಬೀಜ ಸಂಗ್ರಹದ ಕಾಲವನ್ನು ಗಮನದಲ್ಲಿಡಬೇಕು. ಹುಣಸೆ ಬೀಜವನ್ನು ಬೇಸಿಗೆಯಲ್ಲಿ ಸಂಗ್ರಹಿಸಿ ಇಟ್ಟುಕೊಳ್ಳಬಹುದು. ಹೊಂಗೆ ಬೀಜವೂ ಕೆಲವು ತಿಂಗಳು ಕೆಡುವುದಿಲ್ಲ. ನೇರಳೆ ಮತ್ತು ಬೇವು ಹಾಗಲ್ಲ. ಜೂನ್-ಜುಲೈನಲ್ಲಿ ಉದುರುವ ಬೇವಿನ ಹಣ್ಣನ್ನು ಅದೇ ದಿನ ಆಯ್ದು, ತಿರುಳು ತೊಳೆದು, ನೆರಳಿನಲ್ಲಿ ಆರಿಸಿ, ಎರಡು ವಾರದೊಳಗೆ ಪಾಲಿಥೀನ್ ಚೀಲಗಳಲ್ಲಿ ಬಿತ್ತಬೇಕು. ಬಿತ್ತುವ ದಿನವೇ, ಯಾವ ಊರಿನ ಯಾವ ಮರದ ಬೀಜವೆಂದು ಚೀಟಿ ಬರೆದು ಮಡಿಯ ತಲೆಗೆ ಚುಚ್ಚಿರಿ.